ಕರೆಯದೆ ಬಂದವರು: ಮೇಯೋ ಕೌಂಟಿಯಲ್ಲಿ ಒಂದು ಮಿಷನರಿ ಕುಟುಂಬ

ಐರ್ಲೆಂಡಿನ ಪಶ್ಚಿಮ ಅಂಚಿನಲ್ಲಿರುವ ಮೇಯೋ ಕೌಂಟಿಯ ಮುಖ್ಯ ಪಟ್ಟಣ ಕ್ಯಾಸಲ್‌ಬಾರ್. 2023ರ ಆಗಸ್ಟ್‌ನಲ್ಲಿ ಆ ಪಟ್ಟಣದ ಹೊರವಲಯದ ಬಡಾವಣೆಗೆ, ನಮ್ಮ ಮನೆಯ ಪಕ್ಕಕ್ಕೆ, ಅಮೆರಿಕದ ಟೆನೆಸಿ ರಾಜ್ಯದಿಂದ ಒಂದು ಕುಟುಂಬ ಬಂದಿತು. ಮೂವತ್ತೆರಡು ವರ್ಷದ ಪಾಸ್ಟರ್, ಅವರಿಗಿಂತ ತುಸು ಚಿಕ್ಕವರಾದ ಹೆಂಡತಿ, ಐದು ವರ್ಷದ ಮಗಳು, ಇನ್ನೂ ಮೂರು ತುಂಬದ ಮಗ. ಮೂರನೆಯ ಮಗು ಮರುವರ್ಷ ಇಲ್ಲೇ ಹುಟ್ಟಿತು. ಅವರ ಊರಿನ ಸುತ್ತಮುತ್ತಲ ಕೆಲವು ಪ್ರೊಟೆಸ್ಟಂಟ್ ಸಭೆಗಳು, ಅಂದರೆ ಚರ್ಚಿನ ಸಮುದಾಯಗಳು, ಒಟ್ಟು ಸೇರಿ ಅವರನ್ನು ಕಳುಹಿಸಿದ್ದವು. ವಹಿಸಿದ ಕೆಲಸ, ಇಲ್ಲೊಂದು ಹೊಸ ಸಭೆಯನ್ನು ಕಟ್ಟುವುದು. ಹೆಸರು ಬರೆಯಬಾರದೆಂಬ ಒಂದೇ ಷರತ್ತಿನ ಮೇಲೆ ಈ ಪ್ರಕರಣವನ್ನು ಬರೆಯಲು ಅವರು ಒಪ್ಪಿದ್ದಾರೆ.

ನಾನು ಔಷಧ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ನಾನು ಓದಿದ್ದು ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ. ಹಾಗಾಗಿ ಮಿಷನರಿ ಎಂದೊಡನೆ ನನಗೆ ನೆನಪಾಗುವುದು ಕಿಟೆಲ್ಲರ ನಿಘಂಟು, ಮಂಗಳೂರಿನ ಹೆಂಚು, 1843ರ ‘ಮಂಗಳೂರ ಸಮಾಚಾರ’. ಅವರು ಬಂದ ಉದ್ದೇಶ ಮರೆತುಹೋಗಿ, ಬಿಟ್ಟುಹೋದ ಸಾಮಾನು ಮಾತ್ರ ಉಳಿದುಕೊಂಡಿದೆ. ಅಂಥವನಿಗೆ, ಸಾವಿರದೈನೂರು ವರ್ಷಗಳಿಂದ ಕ್ರೈಸ್ತವಾಗಿರುವ ದೇಶಕ್ಕೆ ಕ್ರೈಸ್ತ ಮಿಷನರಿ ಬಂದಿದ್ದಾನೆ ಎಂಬುದೇ ವಿಚಿತ್ರವಾಗಿ ಕೇಳಿಸಿತು. ಪಾಸ್ಟರ್ ಅದಕ್ಕೆ ಅಂಕಿಗಳಲ್ಲಿ ಉತ್ತರ ಕೊಟ್ಟರು. ಐರ್ಲೆಂಡಿನಲ್ಲಿ ತಮ್ಮನ್ನು ಕ್ಯಾಥೊಲಿಕ್ ಎಂದು ಬರೆಸಿಕೊಂಡವರು 2016ರ ಜನಗಣತಿಯಲ್ಲಿ ಶೇ 79, 2022ರಲ್ಲಿ ಶೇ 69. ಯಾವ ಧರ್ಮವೂ ಇಲ್ಲ ಎಂದವರು ಶೇ 14. ಚರ್ಚು ಬಿಟ್ಟವರು ಇನ್ನೊಂದು ಚರ್ಚನ್ನು ಹುಡುಕುತ್ತಿರಬಹುದು ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪು ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೆ ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಧರ್ಮಶಾಸ್ತ್ರವಲ್ಲ. ನಮ್ಮಿಬ್ಬರನ್ನೂ ಈ ದೇಶವೇ ಕೆಲಸಕ್ಕೆ ಕರೆಸಿಕೊಂಡಿತ್ತು. ಅವರನ್ನು ಇಲ್ಲಿಯವರು ಯಾರೂ ಕರೆದಿರಲಿಲ್ಲ. ಎರಡು ಮನೆಗಳ ನಡುವೆ ಒಂದೇ ಗೋಡೆಯಿದ್ದರೂ, ದಿನಚರಿ ಅಷ್ಟು ಬೇರೆಯಾಗಲು ಇದಿಷ್ಟೇ ಸಾಕಾಯಿತು.

ಮುದ್ರೆ ಮತ್ತು ಮನೆ

ಅಮೆರಿಕನ್ನರಿಗೆ ಐರ್ಲೆಂಡಿನ ಪ್ರವಾಸಕ್ಕೆ ವೀಸಾ ಬೇಡ. ಧರ್ಮಬೋಧಕರಾಗಿ ನೆಲೆಸಲು ಮಾತ್ರ ಹೊರಡುವ ಮೊದಲೇ ಅನುಮತಿ ಪಡೆಯಬೇಕು. ಬಂದ ಮೇಲೆ ನೋಂದಣಿ. ಆಗ ಡಬ್ಲಿನ್ನಿನ ಹೊರಗಿದ್ದ ಬಹುತೇಕರು ಸ್ಥಳೀಯ ಗಾರ್ಡಾ ಠಾಣೆಗೇ, ಅಂದರೆ ಪೊಲೀಸ್ ಠಾಣೆಗೇ, ಹೋಗಬೇಕಿತ್ತು. ದೊಡ್ಡವರಿಗೆ ತಲಾ 300 ಯೂರೋ ಶುಲ್ಕ, ಹದಿನಾರು ತುಂಬದ ಮಕ್ಕಳಿಗೆ ನೋಂದಣಿಯೇ ಬೇಡ. ಅವರಿಗೆ ಸಿಕ್ಕಿದ್ದು ‘ಸ್ಟಾಂಪ್ 3’. ಈ ಮುದ್ರೆಯಿರುವವರು ನೌಕರಿ ಮಾಡುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ, ಯಾವ ವೃತ್ತಿಯಲ್ಲೂ ತೊಡಗುವಂತಿಲ್ಲ. ಖರ್ಚು ತಮ್ಮದೇ, ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಧರ್ಮಬೋಧಕರ ವಾಸಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ.

ಪಾಸ್ಟರ್ ಅವರಿಗೆ ಇದರಿಂದ ತೊಂದರೆಯಿಲ್ಲ, ಅವರು ಬಂದದ್ದೇ ಆ ಕೆಲಸಕ್ಕೆ. ಪೆಟ್ಟು ಬಿದ್ದದ್ದು ಹೆಂಡತಿಗೆ. ಆಕೆ ಟೆನೆಸಿಯಲ್ಲಿ ಆರು ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದ ನರ್ಸ್. ಗೋಡೆಯ ಈಚೆ ನನ್ನ ಹೆಂಡತಿಯೂ ನರ್ಸ್. ನರ್ಸುಗಳ ಕೊರತೆಯಿಂದಾಗಿ ಈ ದೇಶ ಅವರನ್ನು ‘ಕ್ರಿಟಿಕಲ್ ಸ್ಕಿಲ್ಸ್’ ಪಟ್ಟಿಯಲ್ಲಿಟ್ಟು ಭಾರತದಿಂದ, ಫಿಲಿಪ್ಪೀನ್ಸ್‌ನಿಂದ ಕರೆತರುತ್ತದೆ. ಆ ಪರವಾನಗಿಯಿದ್ದವರ ಗಂಡನಿಗೂ ಹೆಂಡತಿಗೂ ದುಡಿಯುವ ಹಕ್ಕಿದೆ. ನನ್ನ ಹೆಂಡತಿ ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಾಗಿ ಬರುವ ಹೊತ್ತಿಗೆ, ಪಕ್ಕದ ಮನೆಯಲ್ಲಿ ಅದೇ ಕೆಲಸ ಬಲ್ಲ ಹೆಂಗಸು ಕಿಟಕಿಯ ಬಳಿ ಮಗುವನ್ನೆತ್ತಿಕೊಂಡು ಮಳೆ ನೋಡುತ್ತಾ ನಿಂತಿರುತ್ತಿದ್ದರು. ಈ ವಿಪರ್ಯಾಸದ ಬಗ್ಗೆ ಮೊದಲ ವರ್ಷ ಇಬ್ಬರೂ ಬಾಯಿ ಬಿಡಲಿಲ್ಲ.

ಬಾಡಿಗೆ ಮನೆ ಸಿಗುವುದು ಇಲ್ಲಿ ಯಾರಿಗೂ ಸುಲಭವಲ್ಲ. ಒಂದು ತಿಂಗಳ ಮುಂಗಡ, ಒಂದು ತಿಂಗಳ ಬಾಡಿಗೆ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು 2021ರಲ್ಲಿ ಕಾನೂನಾಗಿದೆ. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವರಿಗೆ ಇದು ಸ್ವರ್ಗ. ಆದರೆ ಹಣಕ್ಕಿಂತ ಮೊದಲು ಕೇಳುವುದು ಸಂಬಳದ ಚೀಟಿ, ಕಂಪನಿಯ ಪತ್ರ, ಹಿಂದಿನ ಮನೆ ಮಾಲೀಕರ ಶಿಫಾರಸು. ಪಾಸ್ಟರ್ ಬಳಿ ಇದ್ದದ್ದು ಹಲವು ಸಭೆಗಳು ತಿಂಗಳು ತಿಂಗಳು ಇಷ್ಟು ಕೊಡುತ್ತೇವೆ ಎಂದು ಬರೆದುಕೊಟ್ಟ ಪತ್ರಗಳು. ‘ನಿಮಗೆ ಸಂಬಳ ಕೊಡುವವರು ಯಾರು?’ ಎಂದು ಏಜೆಂಟ್ ಕೇಳಿದಾಗ ಪಾಸ್ಟರ್, ‘ಸುಮಾರು ಎಪ್ಪತ್ತು ಮನೆಯವರು’ ಎಂದರಂತೆ. ಆ ಮನೆ ಅವರಿಗೆ ಸಿಗಲಿಲ್ಲ. ಕೊನೆಗೆ ನಮ್ಮ ಪಕ್ಕದ ಮನೆ ಸಿಕ್ಕಿದ್ದು, ಅದರ ಮಾಲೀಕರ ತಮ್ಮ ಅಮೆರಿಕದಲ್ಲಿ ಇದ್ದ ಕಾರಣಕ್ಕೆ. ಮೇಯೋದಲ್ಲಿ ಯಾರ ತಮ್ಮ ತಾನೇ ಅಮೆರಿಕದಲ್ಲಿಲ್ಲ!

ಮನೆಯೊಳಗಿನ ಪಾಠಗಳು ಬೇಗ ಮುಗಿದವು. ಬಿಸಿನೀರಿನ ‘ಇಮ್ಮರ್ಶನ್’ ಸ್ವಿಚ್ಚನ್ನು ಆರಿಸಲು ಮರೆತರೆ ಬರುವ ವಿದ್ಯುತ್ ಬಿಲ್ಲು, ಹಿತ್ತಲ ತೊಟ್ಟಿಯಲ್ಲಿ ಸೀಮೆಎಣ್ಣೆ ಮುಗಿದರೆ ತಣ್ಣಗಾಗುವ ಮನೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ ಮರಳಿ ಸಿಗುವ 15 ಅಥವಾ 25 ಸೆಂಟು. ಡಿಸೆಂಬರಿನಲ್ಲಿ ಬೆಳಗಾಗುವುದು ಒಂಬತ್ತರ ಹೊತ್ತಿಗೆ, ಕತ್ತಲಾಗುವುದು ನಾಲ್ಕೂವರೆಯೊಳಗೆ ಎಂಬುದನ್ನು ಮಾತ್ರ ಯಾರೂ ಕಲಿಸಲಾರರು. ಮೊದಲ ಚಳಿಗಾಲದಲ್ಲಿ ಆಕೆ ಮಧ್ಯಾಹ್ನವೇ ಪರದೆ ಎಳೆದುಬಿಡುತ್ತಿದ್ದರು.

ಎಲ್ ಫಲಕದ ಪಾಸ್ಟರ್

ಅಮೆರಿಕದ ಚಾಲನಾ ಪರವಾನಗಿಯಲ್ಲಿ ಇಲ್ಲಿ ಒಂದು ವರ್ಷ ಓಡಿಸಬಹುದು. ಆಮೇಲೆ ಅದನ್ನು ಐರಿಷ್ ಪರವಾನಗಿಗೆ ಬದಲಿಸಿಕೊಳ್ಳಲು ಆಗುವುದಿಲ್ಲ. ನಮ್ಮ ಭಾರತದ್ದೂ ಹಾಗೆಯೇ. ಎಲ್ಲವೂ ಮೊದಲಿನಿಂದ: ನಲವತ್ತು ಪ್ರಶ್ನೆಗಳ ಪರೀಕ್ಷೆ, ಕಲಿಕಾ ಪರವಾನಗಿ, ಕಡ್ಡಾಯ ಪಾಠಗಳು, ಆಮೇಲೆ ತಿಂಗಳುಗಟ್ಟಲೆ ಕಾದು ರಸ್ತೆ ಪರೀಕ್ಷೆ. ಅಲ್ಲಿಯವರೆಗೆ ಕಾರಿನ ಹಿಂದೆ ಮುಂದೆ ಕೆಂಪು ‘ಎಲ್’, ಪಕ್ಕದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಪೂರ್ಣ ಪರವಾನಗಿಯ ಇನ್ನೊಬ್ಬರು. ಹದಿನಾರನೆಯ ವಯಸ್ಸಿನಿಂದ ಪಿಕಪ್ ಓಡಿಸಿದ ಮನುಷ್ಯ ಮೂವತ್ಮೂರರಲ್ಲಿ ಮತ್ತೆ ಕಲಿಯುವವನಾದರು. ಪಕ್ಕದಲ್ಲಿ ಕೂರಲು ಸಿಕ್ಕವನು ನಾನು.

ಈ ಪ್ರಕರಣದ ಅರ್ಧ ಸಂಗತಿ ನನಗೆ ಗೊತ್ತಾದದ್ದು ಆ ಕಾರಿನಲ್ಲಿ. ಎದುರು ಬದುರು ಕುಳಿತಾಗ ಪಾಸ್ಟರ್ ಆಗಿರುತ್ತಿದ್ದವರು, ರಸ್ತೆ ನೋಡುತ್ತಾ ಮಾತನಾಡುವಾಗ ಸಾಲ, ನಿದ್ರೆ, ಮಾವನ ಕೋಪ ಎಲ್ಲವನ್ನೂ ಹೇಳುತ್ತಿದ್ದರು. ಒಮ್ಮೆ ಕ್ಲೇರ್‌ಮಾರಿಸ್‌ನಲ್ಲಿ ಹಳೆಯ ತೊಟ್ಟಿಲೊಂದನ್ನು ಕೊಂಡು ಹಾಗೆಯೇ ಗಾಲ್ವೇಗೆ ಹೊರಟೆವು. ಕಲಿಯುವವರು ಮೋಟಾರುಮಾರ್ಗ ಹತ್ತುವಂತಿಲ್ಲವಾದ್ದರಿಂದ ಹಳೆಯ ದಾರಿಯಲ್ಲೇ, ಟ್ಯೂಮ್ ಪಟ್ಟಣದ ಒಳಗಿಂದ ಹೋಗಬೇಕಾಯಿತು. ಅಲ್ಲಿ 1925ರಿಂದ 1961ರವರೆಗೆ ಸನ್ಯಾಸಿನಿಯರು ನಡೆಸುತ್ತಿದ್ದ ಅವಿವಾಹಿತ ತಾಯಂದಿರ ಮತ್ತು ಶಿಶುಗಳ ನಿಲಯವಿತ್ತು. ಅಲ್ಲಿ ಸತ್ತ 796 ಮಕ್ಕಳಿಗೆ ಸಮಾಧಿಯ ದಾಖಲೆಯೇ ಇಲ್ಲ ಎಂಬುದನ್ನು ಕ್ಯಾಥರೀನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಕಾರ್ತಿ ಒಂದೊಂದು ಮರಣಪತ್ರ ಹುಡುಕಿ ತೋರಿಸಿದರು. 2014ರಲ್ಲಿ ಅದು ಜಗತ್ತಿಗೆಲ್ಲ ತಿಳಿಯಿತು. ನಾನು ಇದನ್ನು ಹೇಳಿದಾಗ ಪಾಸ್ಟರ್ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ‘ಇದು ನಮ್ಮ ಚರ್ಚು ಮಾಡಿದ್ದಲ್ಲ’ ಎಂದರು. ‘ಇಲ್ಲಿಯ ಹುಡುಗರಿಗೆ ನಿಮ್ಮ ಕಾಲರಿಗೂ ಅವರ ಕಾಲರಿಗೂ ವ್ಯತ್ಯಾಸ ಕಾಣುವುದಿಲ್ಲ’ ಎಂದೆ. ಅವರು ಪಾದ್ರಿಗಳ ಬಿಳಿ ಕಾಲರು ತೊಡುವುದಿಲ್ಲ, ಜೀನ್ಸ್ ತೊಡುತ್ತಾರೆ. ಆದರೂ ನನ್ನ ಮಾತು ತಟ್ಟಿತು.

ಇಲ್ಲಿಯ ಜನ ದೇವರನ್ನು ಮರೆತಿದ್ದಾರೆ ಎಂದುಕೊಂಡು ಬಂದವರಿಗೆ, ಇವರಿಗೆ ಎಲ್ಲವೂ ಚೆನ್ನಾಗಿ ನೆನಪಿದೆ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ಪೂಜೆಗೆ ಹೋಗದ ಮನೆಯವರೂ ಜುಲೈ ಕೊನೆಯ ಭಾನುವಾರ 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುತ್ತಾರೆ, ಕೆಲವರು ಬರಿಗಾಲಿನಲ್ಲಿ. ನಂಬಿಕೆಯೇ ಇಲ್ಲ ಎನ್ನುವವರು, ಮೇಯೋ ಫುಟ್‌ಬಾಲ್ ತಂಡ 1951ರಿಂದ ಅಖಿಲ ಐರ್ಲೆಂಡ್ ಕಪ್ ಗೆಲ್ಲದಿರುವುದಕ್ಕೆ ಪಾದ್ರಿಯೊಬ್ಬರ ಶಾಪ ಕಾರಣ ಎಂಬ ಕಥೆಯನ್ನು ಅರ್ಧ ನಗುತ್ತಾ, ಅರ್ಧ ನಂಬಿಕೆಯಿಂದ ಹೇಳುತ್ತಾರೆ. ಗೆದ್ದು ಬರುವಾಗ ಫಾಕ್ಸ್‌ಫರ್ಡ್‌ನಲ್ಲಿ ಒಂದು ಶವಯಾತ್ರೆಗೆ ಮರ್ಯಾದೆ ಕೊಡಲಿಲ್ಲವಂತೆ, ಅದಕ್ಕೇ ಶಾಪವಂತೆ. ಆಮೇಲೆ ಹನ್ನೊಂದು ಸಲ ಫೈನಲ್‌ನಲ್ಲಿ ಸೋತಿದ್ದಾರೆ, ಪಾಪ.

ಶಾಲೆಯ ಬಾಗಿಲು

ದೇಶದ ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾಥೊಲಿಕ್ ಆಡಳಿತದವು. ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಿ ಮಕ್ಕಳನ್ನು ಹಿಂದೆ ಕಳುಹಿಸುವ ಪದ್ಧತಿಯನ್ನು 2018ರ ಪ್ರವೇಶ ಕಾಯ್ದೆ ಈ ಶಾಲೆಗಳಲ್ಲಿ ನಿಲ್ಲಿಸಿತು. ಆದ್ದರಿಂದ ಪಾಸ್ಟರ್ ಮಗಳಿಗೆ ‘ಜೂನಿಯರ್ ಇನ್ಫೆಂಟ್ಸ್’ ತರಗತಿಯಲ್ಲಿ ಸುಲಭವಾಗಿ ಜಾಗ ಸಿಕ್ಕಿತು. ಅಕ್ಟೋಬರಿನ ಒಂದು ಸಂಜೆ ಆ ಹುಡುಗಿ ಊಟದ ಮೇಜಿನ ಮುಂದೆ ಕೈ ಜೋಡಿಸಿ, ಐರಿಷ್ ಭಾಷೆಯಲ್ಲಿ ಮರಿಯಮ್ಮನ ಪ್ರಾರ್ಥನೆಯನ್ನು ತಪ್ಪಿಲ್ಲದೆ ಒಪ್ಪಿಸಿತು. ಮರಿಯಮ್ಮನಿಗೆ ಪ್ರಾರ್ಥನೆ ಸಲ್ಲಿಸುವುದನ್ನು ಬಿಲ್‌ಕುಲ್ ಒಪ್ಪದ ಸಂಪ್ರದಾಯ ಅವರದು. ಇತರರ ನಂಬಿಕೆ ಬದಲಿಸಲು ಬಂದವರ ಮನೆಯಲ್ಲೇ ಮೊದಲ ಮತಾಂತರ ಆಗುವ ಹಾಗಿದೆಯಲ್ಲ ಎಂದು ನಾನು ತಮಾಷೆ ಮಾಡಿದೆ. ಅವರಿಗೆ ನಗು ಬರಲಿಲ್ಲ.

ಮನೆಯಲ್ಲೇ ಓದಿಸುವ ದಾರಿಯೊಂದಿತ್ತು. ಇಲ್ಲಿನ ಸಂವಿಧಾನ ಅದಕ್ಕೆ ಅವಕಾಶ ಕೊಡುತ್ತದೆ, ಮಕ್ಕಳ ಸಂಸ್ಥೆ ‘ಟೂಸ್ಲಾ’ದಲ್ಲಿ ನೋಂದಾಯಿಸಿದರೆ ಸಾಕು. ಅಮೆರಿಕದ ಇಂಥ ಕುಟುಂಬಗಳಲ್ಲಿ ಮನೆಪಾಠ ಸಾಮಾನ್ಯವೂ ಹೌದು. ಹಾಗೆ ಮಾಡಿ ಎಂದು ಊರಿನಿಂದ ಸಲಹೆಯೂ ಬಂದಿತು. ತಾಯಿ ಒಪ್ಪಲಿಲ್ಲ. ಬೆಳಿಗ್ಗೆ ಮಗುವನ್ನು ಬಿಡುವಾಗ, ಮಧ್ಯಾಹ್ನ ಕರೆತರುವಾಗ ಶಾಲೆಯ ಗೇಟಿನ ಬಳಿ ಸಿಗುವ ಹತ್ತು ನಿಮಿಷಗಳೇ ಆಕೆಗೆ ಊರಿನೊಡನೆ ಇದ್ದ ಒಂದೇ ಸಂಪರ್ಕ. ಅದನ್ನೂ ಕಳೆದುಕೊಂಡರೆ ನಾನು ಹುಚ್ಚಿಯಾಗುತ್ತೇನೆ ಎಂದು ನನ್ನ ಹೆಂಡತಿಯ ಬಳಿ ಹೇಳಿದರಂತೆ. ಧರ್ಮದ ಪಾಠದ ಹೊತ್ತಿಗೆ ಹುಡುಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬಣ್ಣ ಹಚ್ಚುವುದೆಂದು ಶಿಕ್ಷಕಿಯೊಂದಿಗೆ ಒಪ್ಪಂದವಾಯಿತು. ನನ್ನ ಮಗನೂ ಅದೇ ಬೆಂಚಿನ ಹಳೆಯ ವಿದ್ಯಾರ್ಥಿ.

ಗೇಟಿನ ಬಳಿಯಿಂದ, ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲ್ ಮೈದಾನಕ್ಕೆ ಹೆಚ್ಚು ದೂರವಿಲ್ಲ. ಹುಡುಗಿ ಊರಿನ ಕ್ಲಬ್ಬಿನ ಚಿಕ್ಕ ಮಕ್ಕಳ ತಂಡ ಸೇರಿದಳು. ಅಭ್ಯಾಸ ಭಾನುವಾರ ಬೆಳಿಗ್ಗೆ. ಪಾಸ್ಟರ್ ತಮ್ಮ ಆರಾಧನೆಯನ್ನು ಇಟ್ಟುಕೊಂಡಿದ್ದ ಹೊತ್ತೂ ಅದೇ. ಕ್ಯಾಥೊಲಿಕ್ ಚರ್ಚೂ ಈ ಮೈದಾನದ ಮುಂದೆ ಸೋಲೊಪ್ಪಿಕೊಂಡಿದೆ, ಶನಿವಾರ ಸಂಜೆಯ ಪೂಜೆಗೇ ಹಲವರು ಹೋಗಿಬರುತ್ತಾರೆ ಎಂದು ತಿಳಿದ ಮೇಲೆ, ಅವರು ಆರಾಧನೆಯನ್ನು ಭಾನುವಾರ ಸಂಜೆ ನಾಲ್ಕಕ್ಕೆ ಬದಲಿಸಿದರು. ಬಾಡಿಗೆಗೆ ಹಿಡಿದ ಸಭಾಂಗಣಕ್ಕೆ ಹದಿನೈದಿಪ್ಪತ್ತು ಜನ ಬರುತ್ತಾರೆ. ನೈಜೀರಿಯಾದವರು, ಬ್ರೆಜಿಲ್‌ನವರು, ಒಂದು ಉಕ್ರೇನ್ ಕುಟುಂಬ, ಕೇರಳದ ಇಬ್ಬರು ನರ್ಸುಗಳು. ಐರಿಷ್ ಮಂದಿ ಮೂವರು. ಐರ್ಲೆಂಡಿನವರಿಗಾಗಿ ಬಂದ ಮಿಷನರಿಗೆ ಸಿಕ್ಕಿದ್ದು ಐರ್ಲೆಂಡಿಗೆ ಹೊಸದಾಗಿ ಬಂದವರು.

ಸೂಪು

ಮೊದಲ ಕ್ರಿಸ್‌ಮಸ್ ಮುಗಿದು ಫೆಬ್ರುವರಿಯಲ್ಲಿ ಟೆನೆಸಿಯಿಂದ ಹತ್ತು ದಿನಗಳ ಮಟ್ಟಿಗೆ ಸ್ವಯಂಸೇವಕರ ಗುಂಪೊಂದು ಬಂದಿತು. ಒಳ್ಳೆಯ ಮನಸ್ಸಿನ ಹುಡುಗ ಹುಡುಗಿಯರು. ಚಳಿ, ಮಳೆ, ಪಟ್ಟಣದ ಮಧ್ಯದಲ್ಲಿ ಸಭಾಂಗಣ: ಅವರಿಗೆ ಹೊಳೆದದ್ದು ಒಂದೇ ಉಪಾಯ. ‘ಉಚಿತ ಬಿಸಿ ಸೂಪು, ಬೈಬಲ್ ಮಾತುಕತೆ, ಎಲ್ಲರಿಗೂ ಸ್ವಾಗತ’ ಎಂದು ಭಿತ್ತಿಪತ್ರ ಮುದ್ರಿಸಿ ಅಂಗಡಿ ಅಂಗಡಿಗೆ ಹಂಚಿದರು. ಮರುದಿನ ಅರ್ಧಕ್ಕರ್ಧ ಕಿಟಕಿಗಳಿಂದ ಅವು ಮಾಯವಾದವು. ಒಂದನ್ನು ಯಾರೋ ಮಡಚಿ ಪಾಸ್ಟರ್ ಮನೆಯ ಅಂಚೆ ಕಿಂಡಿಯಲ್ಲಿ ಹಾಕಿ ಹೋಗಿದ್ದರು. ಅದರ ಮೇಲೆ 1847 ಎಂದಷ್ಟೇ ಬರೆದಿತ್ತು.

ಅರ್ಥ ಬಿಡಿಸಿ ಹೇಳಿದವರು ಎದುರು ಮನೆಯ ವೃದ್ಧೆ, ಅಕಿಲ್ ದ್ವೀಪದ ಮೂಲದವರು. ಅಕಿಲ್ ಇರುವುದು ಇದೇ ಕೌಂಟಿಯಲ್ಲಿ, ಕ್ಯಾಸಲ್‌ಬಾರಿನಿಂದ ಗಂಟೆ ಮೀರಿದ ದಾರಿ. 1831ರಲ್ಲಿ ಅಲ್ಲಿಗೆ ಎಡ್ವರ್ಡ್ ನ್ಯಾಂಗಲ್ ಎಂಬ ಪ್ರೊಟೆಸ್ಟಂಟ್ ಪಾದ್ರಿ ಹೋದರು. 1834ರಲ್ಲಿ ಹೆಂಡತಿ ಎಲೈಜಾ ಮತ್ತು ಪುಟ್ಟ ಹೆಣ್ಣುಮಕ್ಕಳೊಂದಿಗೆ ಸ್ಲೀವ್‌ಮೋರ್ ಬೆಟ್ಟದ ಬುಡದ ಡೂಗರ್ಟ್‌ನಲ್ಲಿ ನೆಲೆಸಿದರು. ಶಾಲೆ ಕಟ್ಟಿದರು, ಮುದ್ರಣಯಂತ್ರ ತಂದರು, 1837ರಿಂದ ಪತ್ರಿಕೆ ಹೊರಡಿಸಿದರು. ಡಬ್ಲಿನ್ನಿನ ವೈದ್ಯ ನೀಸನ್ ಆಡಮ್ಸ್ ತಮ್ಮ ವೃತ್ತಿ ಬಿಟ್ಟು ಬಂದು ದ್ವೀಪದವರಿಗೆ ಔಷಧ ಕೊಟ್ಟರು. ಕ್ಯಾಥೊಲಿಕ್ ಆರ್ಚ್‌ಬಿಷಪ್ ಜಾನ್ ಮ್ಯಾಕ್‌ಹೇಲ್ ಇದನ್ನು ಕಟುವಾಗಿ ವಿರೋಧಿಸಿದರು. ಆ ಕಾಲನಿಯವರೊಂದಿಗೆ ಕೊಡುಕೊಳ್ಳುವಿಕೆ ಬೇಡ ಎಂದು ಪಾದ್ರಿಗಳು ಜನರಿಗೆ ಕಟ್ಟಪ್ಪಣೆ ಮಾಡಿದರು. ಆಲೂಗೆಡ್ಡೆಗೆ ರೋಗ ತಗಲಿ 1845ರಲ್ಲಿ ಮಹಾಕ್ಷಾಮ ಬಂದಾಗ ಕಾಲನಿಯಲ್ಲಿ ಊಟವಿತ್ತು, ಅದರ ಶಾಲೆಗೆ ಹೋದ ಮಕ್ಕಳಿಗೆ ಅನ್ನ ಸಿಗುತ್ತಿತ್ತು. ಹಸಿದವರ ಜೀವ ಉಳಿಸಿದ್ದೋ, ಹಸಿವನ್ನು ಬಳಸಿ ಧರ್ಮ ಕೊಂಡದ್ದೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಭಿತ್ತಿಪತ್ರದ ಮೇಲಿದ್ದ 1847 ಆ ಕ್ಷಾಮದ ವರ್ಷಗಳಲ್ಲೊಂದು. ಆಗ ಊಟಕ್ಕಾಗಿ ಧರ್ಮ ಬದಲಿಸಿದವರಿಗೆ ಅಂಟಿದ ‘ಸೂಪು ಕುಡಿದವರು’ ಎಂಬುದು ಪಶ್ಚಿಮ ಐರ್ಲೆಂಡಿನಲ್ಲಿ ತಲೆಮಾರುಗಳನ್ನು ಅಟ್ಟಿಸಿಕೊಂಡು ಬರುವ ಬೈಗುಳ. ನನ್ನ ಅಜ್ಜಿಯ ಕಾಲದಲ್ಲಿ ಅಂಥ ಮನೆಯಿಂದ ಹೆಣ್ಣು ತರುತ್ತಿರಲಿಲ್ಲ ಎಂದರು ಆ ವೃದ್ಧೆ. ಎಷ್ಟು ಸಹಜವಾಗಿ ಹೇಳಿದರೆಂದರೆ, ನನಗೆ ನಮ್ಮ ಕಡೆಯ ಸಂಬಂಧ ನೋಡುವ ಮಾತುಕತೆಗಳೇ ಕಿವಿಗೆ ಬಿದ್ದಂತಾಯಿತು.

ಸೂಪಿನ ಕಾರ್ಯಕ್ರಮ ರದ್ದಾಯಿತು. ಬಂದ ತಂಡದವರಿಗೆ ಬೇಸರ. ಒಂದು ಲೋಟ ಸೂಪಿಗೆ ನೂರೆಂಬತ್ತು ವರ್ಷದ ಹಳೆಯ ಕಥೆಯೇ ಎಂದು ಅವರ ಮುಖ್ಯಸ್ಥರು ಕೇಳಿದರು. ಪಾಸ್ಟರ್ ದಂಪತಿ ಮಾತ್ರ ಮರುತಿಂಗಳು ಮಕ್ಕಳೊಂದಿಗೆ ಡೂಗರ್ಟ್‌ಗೆ ಹೋಗಿಬಂದರು. ಪಾಸ್ಟರ್ ಓದಿದ್ದು ನ್ಯಾಂಗಲ್ ಬಗ್ಗೆ, ಆಕೆ ಓದಿದ್ದು ಎಲೈಜಾ ಬಗ್ಗೆ. ಹಲವು ಶಿಶುಗಳನ್ನು ಅಲ್ಲೇ ಮಣ್ಣುಮಾಡಿ, 1850ರಲ್ಲಿ ತೀರಿಹೋದ ಹೆಂಗಸು ಎಲೈಜಾ. ಗಂಡನ ಹೆಸರು ಇತಿಹಾಸದಲ್ಲಿ ವಾದವಿವಾದವಾಗಿ ಉಳಿಯಿತು, ಹೆಂಡತಿಯದು ಅಡಿಟಿಪ್ಪಣಿಯಾಗಿ. ಆಗ ಪಾಸ್ಟರ್ ಹೆಂಡತಿ ಏಳು ತಿಂಗಳ ಗರ್ಭಿಣಿ. ಅಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಕುಳಿತು, ‘ಆಕೆಯನ್ನು ಯಾರಾದರೂ ಕೇಳಿದ್ದರೇ?’ ಎಂದರು. ನನ್ನ ಹೆಂಡತಿ ಚಹಾ ಬಗ್ಗಿಸಿ ಕೊಟ್ಟಳು.

ವರದಿ

ಇಂಥ ಕುಟುಂಬದ ಆದಾಯ ಬರುವುದು ತಿಂಗಳಿಗೆ ಇಪ್ಪತ್ತೈದು, ಐವತ್ತು, ನೂರು ಡಾಲರ್ ಕಳುಹಿಸುವ ಮನೆಗಳಿಂದ. ಹೊರಡುವ ಮೊದಲು ಒಂದೂವರೆ ವರ್ಷ ಊರೂರು ಸುತ್ತಿ ಈ ಮಾತು ಕೊಡಿಸಿಕೊಂಡಿದ್ದರು. ಹಣ ನಿಲ್ಲದಿರಬೇಕಾದರೆ ತಿಂಗಳಿಗೊಮ್ಮೆ ವರದಿ ಹೋಗಬೇಕು. ವರದಿಯಲ್ಲಿ ಏನಾದರೂ ನಡೆದಿರಬೇಕು.

2024ರ ದೀಪಾವಳಿಗೆ ಅವರನ್ನು ಊಟಕ್ಕೆ ಕರೆದಿದ್ದೆವು. ಹೋಳಿಗೆ ತಿಂದರು, ಮಕ್ಕಳು ದೀಪ ಹಚ್ಚಿದರು, ಒಂದು ಫೋಟೊ ತೆಗೆದುಕೊಂಡರು. ಮುಂದಿನ ವರದಿಯಲ್ಲಿ ಆ ಫೋಟೊ ಇತ್ತು. ಕೆಳಗೆ ‘ನಮ್ಮ ಹಿಂದೂ ನೆರೆಯವರಿಗಾಗಿ ಪ್ರಾರ್ಥಿಸಿ’ ಎಂಬ ಸಾಲು. ಅದನ್ನು ನಮಗೆ ತೋರಿಸಿದವರು ಸ್ವತಃ ಆಕೆಯೇ, ಮುಖ ಸಪ್ಪಗೆ ಮಾಡಿಕೊಂಡು. ನನಗೆ ಸಿಟ್ಟು ಬಂದಿತು, ಈಗಲೂ ಪೂರ್ತಿ ಹೋಗಿಲ್ಲ. ಹಬ್ಬದೂಟಕ್ಕೆ ಕರೆದವನು ಊಟ ಮುಗಿಯುವುದರೊಳಗೆ ಯಾರದೋ ಕೆಲಸದ ಪಟ್ಟಿಗೆ ಸೇರಿಬಿಟ್ಟಿದ್ದ. ನನ್ನ ಹೆಂಡತಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚು. ‘ಪ್ರಾರ್ಥಿಸಲಿ ಬಿಡಿ, ನನ್ನ ಸೊಂಟದ ನೋವಿಗೂ ಸೇರಿಸಿ ಎಂದು ಹೇಳಿ’ ಎಂದಳು. ಪಾಸ್ಟರ್ ಬಂದು ಕ್ಷಮೆ ಕೇಳಿದರು. ಆದರೆ ಅವರ ಕಷ್ಟವೂ ನಿಜ. ಶಾಲೆಯ ಗೇಟು, ಎಲ್ ಫಲಕ, ಮೈದಾನದ ಅಂಚಿನಲ್ಲಿ ನೆನೆದುಕೊಂಡು ನಿಂತದ್ದು, ಇವನ್ನೆಲ್ಲ ವರದಿಯಲ್ಲಿ ಬರೆದರೆ ಟೆನೆಸಿಯವರು ಕೇಳುತ್ತಾರೆ: ಇದಕ್ಕಾಗಿಯೇ ನಾವು ಹಣ ಕಳುಹಿಸುತ್ತಿರುವುದು? ಧಾರವಾಡದಿಂದ ಬಾಸೆಲ್ ನಗರಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೋಗುತ್ತಿದ್ದ ವರದಿಗಳ ಹಿಂದೆಯೂ ಇಂಥದೇ ಒತ್ತಡ ಇದ್ದಿರಬೇಕು. ನನ್ನ ಮುತ್ತಜ್ಜನೂ ಯಾವುದೋ ವರದಿಯ ಒಂದು ಸಾಲಾಗಿ ಸ್ವಿಟ್ಜರ್ಲೆಂಡ್ ಕಂಡಿರಬಹುದು.

ಜನವರಿ 24

2025ರ ಜನವರಿ 24ರ ಶುಕ್ರವಾರ ‘ಎಓವಿನ್’ ಬಿರುಗಾಳಿ ಅಪ್ಪಳಿಸಿತು. ಗಾಲ್ವೇಯ ಮೇಸ್ ಹೆಡ್‌ನಲ್ಲಿ ಗಾಳಿಯ ವೇಗ ಗಂಟೆಗೆ 180 ಕಿಲೋಮೀಟರ್ ದಾಟಿ, 1945ರ ದಾಖಲೆಯನ್ನು ಮುರಿಯಿತು. ದೇಶದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ಪಶ್ಚಿಮದಲ್ಲಿ ಕೆಲವೆಡೆ ಅದು ಮರಳಲು ಎರಡು ವಾರ ಬೇಕಾಯಿತು. ಸೀಮೆಎಣ್ಣೆ ಬಾಯ್ಲರು ಹೊತ್ತಿಕೊಳ್ಳುವುದಕ್ಕೂ ಕರೆಂಟು ಬೇಕು ಎಂಬುದು ನಮ್ಮಿಬ್ಬರ ಮನೆಗೂ ಅಂದೇ ತಿಳಿದದ್ದು. ಹಿತ್ತಲಲ್ಲಿ ತೊಟ್ಟಿ ತುಂಬ ಎಣ್ಣೆ, ಒಳಗೆ ಹಲ್ಲು ಕಟಕಟಿಸುವ ಚಳಿ. ಪಕ್ಕದ ಮನೆಯಲ್ಲಿ ಒಂಬತ್ತು ತಿಂಗಳ ಕೂಸು.

ಬಡಾವಣೆಯಲ್ಲಿ ಒಲೆ ಇದ್ದದ್ದು ಎದುರು ಮನೆಯ ವೃದ್ಧೆಯ ಅಡುಗೆಮನೆಯಲ್ಲಿ ಮಾತ್ರ. ಹಳೆಯ ಕಬ್ಬಿಣದ ಒಲೆ. ಕಟ್ಟಿಗೆ, ಪೀಟ್ ಮಣ್ಣಿನ ಹೆಂಟೆ ಹಾಕಿ ಉರಿಸುವಂಥದ್ದು. ಆಕೆಯ ಮಕ್ಕಳು ಹೊಗೆಯ ಕಾರಣಕ್ಕೆ ಅದನ್ನು ಕಿತ್ತುಹಾಕಿ ಎಂದು ಬಾಸ್ಟನ್ನಿನಿಂದ ಫೋನಿನಲ್ಲಿ ಒತ್ತಾಯಿಸುತ್ತಿದ್ದರಂತೆ, ಆಕೆ ಜಗ್ಗಿರಲಿಲ್ಲ. ಶುಕ್ರವಾರ ಸಂಜೆ ತಾವೇ ಕೋಲೂರಿಕೊಂಡು ಬಂದು ಬಾಗಿಲು ತಟ್ಟಿ ಕೂಸನ್ನು ಕರೆದುಕೊಂಡು ಹೋದರು. ಹಿಂದೆಯೇ ನಾವೆಲ್ಲ ಹೋದೆವು. ಮುಂದಿನ ದಿನಗಳಲ್ಲಿ ಅಡುಗೆ, ಊಟ, ಮಕ್ಕಳ ನಿದ್ರೆ ಎಲ್ಲ ಅಲ್ಲಿಯೇ. ರಾತ್ರಿ ಆಕೆ ಜಪಮಾಲೆ ಹಿಡಿದು ಕೂತಾಗ, ಪಾಸ್ಟರ್ ಎದ್ದು ಹೋಗಲಿಲ್ಲ, ದನಿಗೂಡಿಸಲೂ ಇಲ್ಲ. ಒಲೆಗೆ ಕಟ್ಟಿಗೆ ಹಾಕುತ್ತಾ ಕುಳಿತಿದ್ದರು. ಎರಡನೆಯ ರಾತ್ರಿ ವೃದ್ಧೆಗೆ ಉಸಿರು ಕಟ್ಟಿದಂತಾಯಿತು. ನನ್ನ ಹೆಂಡತಿ ಪಾಳಿಯ ಮೇಲಿದ್ದಳು, ಮೊಬೈಲ್ ಸಂಪರ್ಕ ಇರಲಿಲ್ಲ. ಪಾಸ್ಟರ್ ಹೆಂಡತಿ ನಾಡಿ ನೋಡಿ, ಕೂರಿಸುವ ರೀತಿ ಬದಲಿಸಿ, ಮಾತ್ರೆಯ ಡಬ್ಬಿ ಹುಡುಕಿ ತೆಗೆದು, ಗಂಡನಿಗೆ ಕಾರು ತೆಗೆಯಲು ಹೇಳಿದರು. ಅವರ ದನಿ ಅಷ್ಟು ನಿಶ್ಚಿತವಾಗಿದ್ದುದನ್ನು ನಾನು ಕೇಳಿದ್ದು ಅಂದೇ ಮೊದಲು. ಎಲ್ ಫಲಕ, ಬಿದ್ದ ಮರಗಳು, ಪಕ್ಕದಲ್ಲಿ ನಾನು, ಆಸ್ಪತ್ರೆಗೆ ತಲುಪಿಸಿದೆವು. ವೃದ್ಧೆ ನಾಲ್ಕನೆಯ ದಿನ ಮನೆಗೆ ಬಂದು, ಒಲೆ ಆರಿಸಿದವರು ಯಾರು ಎಂದು ಗದರಿದರು.

ಆಮೇಲೆ ಬಡಾವಣೆಯಲ್ಲಿ ಅವರನ್ನು ‘ಆ ಅಮೆರಿಕನ್ನರು’ ಎಂದು ಕರೆಯುವುದು ನಿಂತಿತು. ಹೆಸರು ಹಿಡಿದು ಕರೆಯತೊಡಗಿದರು. ಸಭೆಗೆ ಬರುವ ಐರಿಷ್ ಮಂದಿ ಮಾತ್ರ ಇಂದಿಗೂ ಮೂವರೇ. ಬಿರುಗಾಳಿಯಿಂದ ಸಭೆ ಬೆಳೆಯಿತು ಎಂದು ಬರೆಯಲು ಟೆನೆಸಿಯಿಂದ ಸೂಚನೆ ಬಂದಿತ್ತು, ಪಾಸ್ಟರ್ ಬರೆಯಲಿಲ್ಲ.

ಈಗಿನ ಸ್ಥಿತಿ

2025ರಲ್ಲಿ ಇನ್ನೊಂದು ಹೊಡೆತ, ಇದು ಸದ್ದಿಲ್ಲದ್ದು. ಜನವರಿಯಲ್ಲಿ ಒಂದು ಯೂರೋಗೆ ಸುಮಾರು 1.03 ಡಾಲರ್ ಇದ್ದದ್ದು ಬೇಸಿಗೆಯ ಹೊತ್ತಿಗೆ 1.17 ಆಯಿತು. ಊರಿನವರು ಕಳುಹಿಸುವ ಡಾಲರ್ ಅಷ್ಟೇ ಇದ್ದರೂ ಕೈಗೆ ಬರುವ ಯೂರೋ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಕರಗಿತು. ಕಾರಿನ ವಿಮೆ, ಬಾಡಿಗೆ, ಮೂರು ಮಕ್ಕಳು. ಜೊತೆಗೆ 2026ರ ಆಗಸ್ಟ್‌ಗೆ ಮೂರು ವರ್ಷ ತುಂಬುತ್ತದೆ. ಇಲ್ಲೇ ಹುಟ್ಟಿದ ಮಗುವಿಗೂ ಪೌರತ್ವವಿಲ್ಲ. 2004ರ ಜನಮತಗಣನೆಯ ನಂತರ, ಈ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಅದು ಸಿಗುವುದಿಲ್ಲ.

ದಾರಿ ಹುಡುಕಿದವರು ಪಾಸ್ಟರ್ ಹೆಂಡತಿ. ಇಲ್ಲಿಯ ನರ್ಸಿಂಗ್ ಮಂಡಳಿಯಲ್ಲಿ ನೋಂದಾಯಿಸಿಕೊಂಡು, ಕೆಲಸ ಸಿಕ್ಕರೆ ಆಕೆಗೇ ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಗೆ ಅರ್ಜಿ ಹಾಕಬಹುದು. ಆಗ ಕುಟುಂಬ ಇಲ್ಲಿರುವುದು ಆಕೆಯ ಹೆಸರಿನಲ್ಲಿ, ಗಂಡ ಅವಲಂಬಿತ. ಸಂಬಳ ಯೂರೋದಲ್ಲಿ. ಪಾಸ್ಟರ್ ಒಪ್ಪಿದ್ದಾರೆ, ಅದೂ ಬೇಗ ಒಪ್ಪಿದರು. ಕಳುಹಿಸಿದ ಸಭೆಗಳಲ್ಲಿ ಎರಡಕ್ಕೆ ಇದು ಹಿಡಿಸಿಲ್ಲ: ನಾವು ಕಳುಹಿಸಿದ್ದು ಪಾಸ್ಟರನ್ನು, ನರ್ಸನ್ನಲ್ಲ ಎಂದು ಪತ್ರ ಬರೆದು ಬೆಂಬಲ ನಿಲ್ಲಿಸಿವೆ. ಪಾಸ್ಟರ್ ವಾರದ ದಿನಗಳಲ್ಲಿ ಬೇರೆ ನೌಕರಿ ಹಿಡಿಯುವುದಕ್ಕೂ ಈ ದಾರಿಯಲ್ಲಿ ಅಡ್ಡಿಯಿಲ್ಲ. ಶಾಲೆಯ ಬಸ್ಸಿಗೆ ಚಾಲಕರು ಬೇಕಾಗಿದ್ದಾರೆಂದು ಕ್ಲಬ್ಬಿನವರು ಈಗಾಗಲೇ ಕಿವಿಯಲ್ಲಿ ಹಾಕಿದ್ದಾರೆ. ರಸ್ತೆ ಪರೀಕ್ಷೆಯನ್ನು ಅವರು ಎರಡನೆಯ ಯತ್ನದಲ್ಲಿ ಪಾಸು ಮಾಡಿದರು. ಬಸ್ಸಿಗೆ ಬೇರೆಯದೇ ಪರವಾನಗಿ, ಮತ್ತೆ ಎಲ್ ಫಲಕ.

ಟೆನೆಸಿಯ ನರ್ಸಿಂಗ್ ಕಾಲೇಜು ಅಂಕಪಟ್ಟಿ ಕಳುಹಿಸಿದೆ, ಅಲ್ಲಿಯ ಪರವಾನಗಿ ಕಚೇರಿಯ ದೃಢೀಕರಣ ಬರಬೇಕಾಗಿದೆ. ಪರೀಕ್ಷೆ ಬರೆಯಬೇಕಾಗಿ ಬಂದರೆ ಇರಲಿ ಎಂದು ನನ್ನ ಹೆಂಡತಿ ತನ್ನ ಹಳೆಯ ಟಿಪ್ಪಣಿಗಳನ್ನು ಕೊಟ್ಟಿದ್ದಾಳೆ. ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡದ್ದನ್ನೆಲ್ಲ ಸಂಜೆ ಕುಳಿತು ಓದಿ ಹೇಳಬೇಕಾಗಿದೆ. ದೊಡ್ಡ ಮಗಳು ಸೆಪ್ಟೆಂಬರಿನಲ್ಲಿ ಎರಡನೆಯ ತರಗತಿಗೆ ಹೋಗಬೇಕು. ಕ್ಯಾಥೊಲಿಕ್ ಮಕ್ಕಳನ್ನು ‘ಪ್ರಥಮ ಪರಮಪ್ರಸಾದ’ದ ಸಂಸ್ಕಾರಕ್ಕೆ ಸಿದ್ಧಗೊಳಿಸುವ ವರ್ಷ ಅದು, ತರಗತಿಯ ಹುಡುಗಿಯರೆಲ್ಲ ಬಿಳಿಯ ಉಡುಪಿನ ಮಾತಾಡುತ್ತಿದ್ದಾರೆ. ಅವಳಿಗೂ ಒಂದು ಬೇಕಂತೆ. ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.